ಅಪ್ಪನ ಅರವತ್ತು ಕಿಲೋ

ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಇಪ್ಪತ್ತೆರಡು ವರ್ಷದಿಂದ ಬಸ್ ಡಿಪೋದಲ್ಲಿ ಬಸ್ಸು ಹೊರಡಿಸುವ ಕೆಲಸ ನನ್ನದು. ಯಾವ ಬಸ್ಸು ಎಷ್ಟು ಗಂಟೆಗೆ, ಅದಕ್ಕೆ ಡ್ರೈವರ್ ಯಾರು, ಅವನು ಕೈಕೊಟ್ಟರೆ ಯಾರಿಗೆ ಫೋನು ಮಾಡಿ ಗೋಗರೆಯಬೇಕು, ಎಲ್ಲ ನನ್ನ ತಲೆಯಲ್ಲೇ ಇರುತ್ತದೆ. ಹೊತ್ತಾದರೂ ಹೊರಡದೆ ನಿಂತ ಬಸ್ಸು ಕಂಡರೆ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ. ಅಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ‘ಗಡಿಬಿಡಿ’ ಅಂತಲೇ ಕರೆಯುವುದು. ನಡೆಯಲು ಕಲಿಯುವ ಮೊದಲೇ ಓಡಲು ಹೋಗಿ ಹಲ್ಲು ಮುರಿದುಕೊಂಡವಳಂತೆ ನಾನು.

ಅಪ್ಪನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ನಾನು ಅತ್ತದ್ದು ಹತ್ತು ನಿಮಿಷ, ಓಡಾಡಿದ್ದು ಇಡೀ ದಿನ. ಆರು ಸುತ್ತು ಕೀಮೋ, ಮೂರು ವಾರಕ್ಕೊಂದು ಸುತ್ತು ಅಂದರು ಡಾಕ್ಟರು. ಆರೂ ಮುಗಿದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ವಯಸ್ಸು ಎಪ್ಪತ್ತನಾಲ್ಕು, ದೇಹ ಹೇಗೆ ತಡೆದುಕೊಳ್ಳುತ್ತದೋ ನೋಡಿಕೊಂಡು ಹೋಗೋಣ ಅಂತಲೂ ಅಂದರು. ನನ್ನ ಕಿವಿ ಹೊಕ್ಕದ್ದು ಆರು ಎನ್ನುವ ಒಂದೇ ಮಾತು. ಮಾರನೆಯ ದಿನ ಅಡುಗೆಮನೆಯ ಗೋಡೆಗೆ ಡಿಪೋದಲ್ಲಿ ಹಾಕುವಂಥದ್ದೇ ಹಾಳೆಯೊಂದನ್ನು ಅಂಟಿಸಿದೆ. ಎಷ್ಟು ಗಂಟೆಗೆ ಮಾತ್ರೆ, ಎಷ್ಟು ಗಂಟೆಗೆ ಹಾಲು, ಎಷ್ಟು ಗಂಟೆಗೆ ಮೊಟ್ಟೆ, ಯಾವತ್ತು ರಕ್ತ ಪರೀಕ್ಷೆ. ಅಪ್ಪ ಕನ್ನಡಕ ಏರಿಸಿ ಅದನ್ನು ಮೇಲಿಂದ ಕೆಳಗಿನವರೆಗೆ ಓದಿದ.

"ಎಲ್ಲಾ ಸರಿಯಾಗಿದೆ. ನನಗೆ ವಾರದ ರಜೆ ಯಾವತ್ತು?" ಅಂದ.

ಅಪ್ಪನದು ತೂಕದ ಕೆಲಸವಾಗಿತ್ತು. ಊರಾಚೆಯ ವೇಬ್ರಿಡ್ಜಿನಲ್ಲಿ ಮೂವತ್ತೆಂಟು ವರ್ಷ ಲಾರಿ ತೂಗಿದ. ಖಾಲಿ ಲಾರಿ ತೂಗು, ತುಂಬಿದ ಲಾರಿ ತೂಗು, ಕಳೆ, ಚೀಟಿ ಹರಿದು ಕೊಡು. ಡ್ರೈವರುಗಳು ಅವನ ಕಣ್ಣಿಗೆ ಮಣ್ಣೆರಚಲು ಏನೆಲ್ಲ ಮಾಡುತ್ತಿದ್ದರು ಎಂಬ ಕಥೆಗಳನ್ನು ಕೇಳಿಯೇ ನಾನು ಊಟ ಮಾಡಿ ಬೆಳೆದದ್ದು. ನೀರಿನ ಟ್ಯಾಂಕು ತುಂಬಿಸಿಕೊಂಡು ಬರುವವರು, ಸೀಟಿನ ಹಿಂದೆ ಕ್ಲೀನರನ್ನು ಮಲಗಿಸಿಕೊಂಡು ಬರುವವರು, ಅಡಿಯಲ್ಲಿ ಕಬ್ಬಿಣ ಕಟ್ಟಿಕೊಂಡು ಬರುವವರು. ಅಪ್ಪ ಎಲ್ಲರನ್ನೂ ಹಿಡಿಯುತ್ತಿದ್ದ. ಯಂತ್ರ ನೋಡುವುದರಲ್ಲಿ ಏನೂ ಇಲ್ಲ, ಚಕ್ರ ಎಷ್ಟು ಕೂತಿದೆ ನೋಡಬೇಕು ಅನ್ನುತ್ತಿದ್ದ. ಲಂಚ ಮುಟ್ಟಲಿಲ್ಲ, ಅದಕ್ಕೆ ಅವನಿಗೆ ಗೆಳೆಯರೂ ಹೆಚ್ಚಿರಲಿಲ್ಲ. ಇದ್ದವನು ಒಬ್ಬನೇ, ವೇಬ್ರಿಡ್ಜಿನ ಎದುರಿನ ಟೈರ್ ಅಂಗಡಿಯವನು. ಅವನು ಈಗಲೂ ವಾರಕ್ಕೊಮ್ಮೆ ಬಾಳೆಹಣ್ಣು ಹಿಡಿದುಕೊಂಡು ಅಪ್ಪನನ್ನು ನೋಡಲು ಬರುತ್ತಿದ್ದ.

ಮೊದಲ ಸುತ್ತಿಗೆ ಹೋದಾಗ ಅಪ್ಪನ ತೂಕ ಅರವತ್ಮೂರು. ಎರಡನೆಯದಕ್ಕೆ ಅರವತ್ತು. ಪ್ರತಿ ಸಲವೂ ಮೊದಲು ತೂಕ, ಆಮೇಲೆ ಔಷಧದ ಲೆಕ್ಕ, ಆಮೇಲೆ ಕುರ್ಚಿಯಲ್ಲಿ ಕೂರಿಸಿ ಡ್ರಿಪ್ಪು. ಆ ಮೂರು ಕಿಲೋ ನನ್ನ ನಿದ್ದೆ ಕೆಡಿಸಿತು. ಅಪ್ಪನಿಗೆ ಯಾವುದೂ ರುಚಿಸುತ್ತಿರಲಿಲ್ಲ. ಅನ್ನ ಮರಳಿನ ಹಾಗಿದೆ, ಹಾಲು ತಗಡಿನ ವಾಸನೆ ಹೊಡೆಯುತ್ತದೆ ಅನ್ನುತ್ತಿದ್ದ. ನಾನು ತಟ್ಟೆಯ ಮುಂದೆ ಕಾವಲು ಕೂರುತ್ತಿದ್ದೆ. ಒಂದು ಬೆಳಿಗ್ಗೆ ಡಿಪೋಗೆ ಹೊತ್ತಾಗುತ್ತಿತ್ತು, ಎರಡು ಮೊಟ್ಟೆಯಲ್ಲಿ ಅರ್ಧ ಮೊಟ್ಟೆ ಮಾತ್ರ ಖಾಲಿಯಾಗಿತ್ತು. ನನಗೆ ರೇಗಿತು.

"ತಿನ್ನಪ್ಪ, ತಿನ್ನು. ಅರವತ್ತಕ್ಕಿಂತ ಕೆಳಗೆ ಹೋದ್ರೆ ಕೀಮೋ ನಿಲ್ಲಿಸಿಬಿಡ್ತಾರಂತೆ. ಆಮೇಲೆ ನಾನೇನು ಮಾಡ್ಲಿ?"

"ಯಾರಂದ್ರು?"

"ಯಾರು ಅನ್ನೋದೇನು, ಡಾಕ್ಟ್ರೇ ಅಂದ್ರು."

ಡಾಕ್ಟರು ಹಾಗೆ ಅಂದಿರಲಿಲ್ಲ. ತೂಕ ತುಂಬ ಇಳಿಯದ ಹಾಗೆ ನೋಡಿಕೊಳ್ಳಿ ಅಂದಿದ್ದರು, ಅಷ್ಟೇ. ಅರವತ್ತು ಎನ್ನುವುದು ನನ್ನ ಸ್ವಂತ ಸರಕು. ಅಪ್ಪ ಉಳಿದ ಒಂದೂವರೆ ಮೊಟ್ಟೆಯನ್ನು ಔಷಧ ನುಂಗುವ ಹಾಗೆ ನುಂಗಿದ. ನಾನು ಗೆದ್ದೆ ಅಂದುಕೊಂಡು ಬ್ಯಾಗು ಹೆಗಲಿಗೇರಿಸಿ ಓಡಿದೆ. ಹಿಂದೆಯೇ ಅವನು ವಾಂತಿ ಮಾಡಿಕೊಂಡನೆಂದು ನನ್ನ ಗಂಡ ಸಂಜೆ ಹೇಳಿದ.

ಮೂರನೆಯ ಸುತ್ತಿಗೆ ಅಪ್ಪ ತೂಕದ ಯಂತ್ರದ ಮೇಲೆ ಕೋಟು ಹಾಕಿಕೊಂಡೇ ನಿಂತ. ರಕ್ತ ಕಡಿಮೆಯಾದ ಮೇಲೆ ಅವನಿಗೆ ಸದಾ ಚಳಿ, ಹಲ್ಲು ಕಟಕಟ ಅನ್ನುತ್ತಿತ್ತು. ತೂಕ ನೋಡುವ ನರ್ಸು ಅಜ್ಜ ಎಂದರೆ ಕರಗುವ ಹೆಂಗಸು.

"ಬಿಡಿ ಅಜ್ಜ, ತೆಗೀಬೇಡಿ. ಕೋಟಿಗೆ ಒಂದು ಕಿಲೋ ಕಳೆದು ಬರ್ಕೊಳ್ತೀನಿ" ಅಂದಳು. ಅರವತ್ತೊಂದು ತೋರಿಸಿತು. ಅರವತ್ತು ಎಂದು ಬರೆದುಕೊಂಡಳು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಅಪ್ಪನ ಕೆನ್ನೆ ಒಳಗೆ ಹೋಗಿತ್ತು, ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು, ಕುತ್ತಿಗೆ ಕಾಲರಿನೊಳಗೆ ಅಲ್ಲಾಡುತ್ತಿತ್ತು. ಅದೆಲ್ಲ ನನಗೆ ಕಾಣಲಿಲ್ಲ ಎಂದರೆ ಸುಳ್ಳು. ಕಂಡಿತ್ತು. ಕಂಡದ್ದನ್ನು ಬಿಟ್ಟು ನನಗೆ ಬೇಕಾದ ಅಂಕಿಯನ್ನು ನಂಬಿದೆ.

ಆ ಸುತ್ತು ಅಪ್ಪನನ್ನು ನೆಲಕ್ಕೆ ಹಾಕಿತು. ಬಾಯಿ ತುಂಬ ಹುಣ್ಣು. ಒಂಬತ್ತನೆಯ ದಿನ ಜ್ವರ. ಬಿಳಿ ರಕ್ತಕಣ ಪಾತಾಳಕ್ಕಿಳಿದಿದೆ ಎಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕಾಗದಗಳನ್ನು ಮತ್ತೆ ಮತ್ತೆ ತಿರುವಿ ಹಾಕಿದರು.

"ತೂಕ ನಿಂತಿದೆ. ಆದ್ರೂ ಇಷ್ಟು ಯಾಕೆ ಬಿದ್ರು ಗೊತ್ತಾಗ್ತಾ ಇಲ್ಲ."

"ತೂಕ ನಿಂತಿದೆಯಲ್ಲ ಡಾಕ್ಟ್ರೇ, ಅದೇ ಒಳ್ಳೇದು" ಎಂದು ನಾನೇ ಅವರಿಗೆ ಧೈರ್ಯ ಹೇಳಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ನಾಲ್ಕನೆಯ ಸುತ್ತಿನ ದಿನ ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಯಲ್ಲಿದ್ದೆವು. ರಕ್ತದ ವರದಿ ಅಂತೂ ಇಂತೂ ಪಾಸಾಯಿತು. ಅಪ್ಪ ಕೋಟು ಹಾಕಿಕೊಂಡು ಯಂತ್ರ ಹತ್ತಿದ. ಹತ್ತುವಾಗ ಗೋಡೆ ಹಿಡಿದ. ಅರವತ್ತೊಂದು ತೋರಿಸಿತು, ಅರವತ್ತು ಬರೆದದ್ದಾಯಿತು. ಡಾಕ್ಟರಮ್ಮ ಚೀಟಿಗೆ ಸಹಿ ಹಾಕಿ ಔಷಧ ಕಲೆಸುವ ಕೋಣೆಗೆ ಕಳಿಸಿದರು. ಅದು ನೆಲಮಾಳಿಗೆಯಲ್ಲಿ. ಕಲೆಸಿದ ಔಷಧದ ಚೀಲ ಮೇಲೆ ಬರಲು ಒಂದು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ವಾಂತಿಯಾಗದಂತೆ ಕೊಡುವ ಸಣ್ಣ ಡ್ರಿಪ್ಪು ಹಾಕುತ್ತಾರೆ. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒರಗಿದ. ಸೂಜಿ ಚುಚ್ಚಲು ಕೋಟು ತೆಗೆಯಲೇಬೇಕಿತ್ತು. ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡ, ಅದರ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

ನಾನು ಎಂದಿನಂತೆ ಓಡಾಡುತ್ತಿದ್ದೆ. ನೀರಿನ ಬಾಟಲಿ ತುಂಬಿಸಿದೆ. ಕಾರಿಡಾರಿನಲ್ಲಿ ನಿಂತು ಡಿಪೋಗೆ ಎರಡು ಫೋನು ಮಾಡಿದೆ. ಹತ್ತರ ಬಸ್ಸಿನ ಡ್ರೈವರ್ ಬಂದಿಲ್ಲ ಎಂದರು, ಬೈದೆ. ವಾಪಸ್ಸು ಬರುವಷ್ಟರಲ್ಲಿ ಅಪ್ಪ ತೂಕಡಿಸಿ, ಕೋಟು ಜಾರಿ ನೆಲಕ್ಕೆ ಬಿದ್ದಿತ್ತು. ಎತ್ತಲು ಒಂದು ಕೈ ಹಾಕಿದೆ. ಕೋಟು ಮೇಲೇಳಲಿಲ್ಲ. ಇನ್ನೊಂದು ಕೈಯನ್ನೂ ಹಾಕಿದೆ.

ಒಳಗಿನ ಲೈನಿಂಗನ್ನು ಬಿಚ್ಚಿ, ಗೋಣಿಚೀಲ ಹೊಲಿಯುವ ಹಾಗೆ ಉದ್ದುದ್ದ ಹೊಲಿಗೆ ಹಾಕಲಾಗಿತ್ತು. ಮುಟ್ಟಿ ನೋಡಿದೆ. ಸಾಲು ಸಾಲಾಗಿ ಗಟ್ಟಿ ತುಂಡುಗಳು. ಟೈರ್ ಅಂಗಡಿಯಲ್ಲಿ ಚಕ್ರದ ಅಂಚಿಗೆ ಹೊಡೆಯುತ್ತಾರಲ್ಲ, ಚಕ್ರ ಒಂದೇ ಸಮ ತಿರುಗಲಿ ಎಂದು, ಆ ಸೀಸದ ತುಂಡುಗಳು.

"ಅಪ್ಪ. ಏನಿದು?"

ಅಪ್ಪ ಕಣ್ಣು ತೆರೆದ. ಕೋಟು ನೋಡಿದ, ನನ್ನ ಮುಖ ನೋಡಿದ.

"ಸೀಸ" ಅಂದ.

"ಎಷ್ಟಿದೆ?"

"ಆರು ಕಿಲೋ. ನೂರು ಗ್ರಾಂ ಆಚೆ ಈಚೆ ಇರಬಹುದು."

"ಹೋದ ಸಲ?"

"ಹೋದ ಸಲ ಮೂರೇ. ಆಗ ಅಷ್ಟು ಬೇಕಾಗಿರಲಿಲ್ಲ."

ಎಷ್ಟು ಸಲೀಸಾಗಿ ಹೇಳಿದನೆಂದರೆ ನನಗೆ ಕಿರುಚಬೇಕು ಅನ್ನಿಸಿತು. ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಮಲಗಿದ್ದಳು, ಅದಕ್ಕೆ ಪಿಸುಗುಟ್ಟಿದೆ.

"ಯಾಕಪ್ಪ ಹೀಗೆ ಮಾಡ್ದೆ? ತಲೆ ನೆಟ್ಟಗಿದೆಯಾ ನಿನಗೆ?"

"ಅರವತ್ತಕ್ಕಿಂತ ಇಳಿದ್ರೆ ನಿಲ್ಲಿಸ್ತಾರೆ ಅಂದ್ಯಲ್ಲ."

"ಈ ಕೀಮೋ ಮೇಲೆ ಅಷ್ಟೊಂದು ಆಸೆಯಾ ನಿನಗೆ?"

"ನನಗ್ಯಾಕೆ ಆಸೆ? ನಿಲ್ಲಿಸಿಬಿಟ್ರೆ ನಾನೇನು ಮಾಡ್ಲಿ ಅಂತ ಕೇಳಿದ್ದು ನೀನು. ನನಗೆ ಉತ್ತರ ಗೊತ್ತಿರಲಿಲ್ಲ."

ಬೇರೆ ದಾರಿಯಿರಲಿಲ್ಲ, ಹೇಳಿಬಿಟ್ಟೆ. "ಅದು ಡಾಕ್ಟ್ರು ಅಂದಿದ್ದಲ್ಲಪ್ಪ. ನೀನು ತಿನ್ಲಿ ಅಂತ ನಾನೇ ಅಂದಿದ್ದು."

"ಹಂಗಾದ್ರೆ ಅರವತ್ತು ಅನ್ನೋದು ಏನೂ ಇಲ್ಲವಾ?"

"ಇಲ್ಲ."

ಅಪ್ಪ ನಕ್ಕ. ಬಾಯಿಹುಣ್ಣು ಇನ್ನೂ ಪೂರ್ತಿ ಆರಿರಲಿಲ್ಲ, ತುಟಿ ಅಗಲಿಸಲಾಗದೆ ಭುಜ ಕುಲುಕಿಸಿ ನಕ್ಕ. "ಮೂವತ್ತೆಂಟು ವರ್ಷ ರಸ್ತೆ ಮೇಲಿನ ಕಳ್ಳರನ್ನ ಹಿಡಿದೆ ಕಣೇ. ಮನೇಲೇ ಒಬ್ಬಳನ್ನ ಸಾಕಿದ್ದು ಗೊತ್ತಾಗಲಿಲ್ಲ."

ನನಗೆ ನಗು ಬರಲಿಲ್ಲ. ಗೋಡೆ ಗಡಿಯಾರ ನೋಡಿದೆ. ಚೀಲ ಬರಲು ಇನ್ನು ಅರ್ಧ ಗಂಟೆಯಿತ್ತು. ಕೆಳಗೆ ನೆಲಮಾಳಿಗೆಯಲ್ಲಿ ಅರವತ್ತು ಕಿಲೋದ ಮನುಷ್ಯನಿಗೆ ಔಷಧ ಕಲೆಸುತ್ತಿದ್ದರು, ಇಲ್ಲಿ ಕುರ್ಚಿಯಲ್ಲಿ ಐವತ್ತನಾಲ್ಕು ಕಿಲೋದ ಅಪ್ಪನಿದ್ದ. ಆಗ ನಾನು ಎದ್ದು ಓಡಬೇಕಿತ್ತು. ಬದುಕೆಲ್ಲ ಓಡಿದವಳು ಆ ಹೊತ್ತಿಗೆ ಓಡಲಿಲ್ಲ. ಹೇಳಿದರೆ ಇವತ್ತಿನದು ನಿಲ್ಲುತ್ತದೆ. ನಿಂತರೆ ರೋಗ ಮತ್ತೆ ತಲೆಯೆತ್ತುತ್ತದೆ. ಹೇಳದಿದ್ದರೆ ಇದು ನಾಲ್ಕನೆಯದು, ಇನ್ನು ಎರಡೇ ಎರಡು. ನನ್ನ ತಲೆ ಇದನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿತ್ತು.

"ಸುಮ್ಮನಿರು" ಅಂದ ಅಪ್ಪ. "ಇದೊಂದು ಆಗಿಹೋಗ್ಲಿ. ಮುಂದಿನ ಸಲಕ್ಕೆ ನೋಡೋಣ."

ನಾನು ಸುಮ್ಮನಿದ್ದೆ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ. ಸೀಸದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಕುಣಿಸುತ್ತಾ, ಉಗುರು ಕಚ್ಚುತ್ತಾ, ಹದಿನೈದು ನಿಮಿಷ ಸುಮ್ಮನೆ ಕೂತಿದ್ದೆ. ಒಳಗೊಳಗೇ ಆ ಚೀಲ ಬೇಗ ಬರಲಿ, ನಾನು ಯೋಚನೆ ಮಾಡಿ ಮುಗಿಸುವುದರೊಳಗೆ ಬಂದುಬಿಡಲಿ ಎಂದು ಹಾರೈಸಿದೆ.

"ಅದನ್ನ ಇಲ್ಲಿ ಕೊಡು. ನರ್ಸು ನೋಡಿದ್ರೆ ರಂಪ" ಎಂದು ಅಪ್ಪ ಖಾಲಿಯಿದ್ದ ಕೈಯನ್ನು ಚಾಚಿದ. ಕೋಟಿನ ಕಾಲರು ಹಿಡಿದು ಎಳೆದ. ಅದು ನನ್ನ ತೊಡೆಯ ಮೇಲೆ ಒಂದು ಬೆರಳಿನಷ್ಟು ಸರಿಯಿತು. ಇನ್ನೊಮ್ಮೆ ಎಳೆದ. ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರೊಡೆಯಿತು. ಕೈ ಸೋತು ಕುರ್ಚಿಯ ಹಿಡಿಯ ಮೇಲೆ ಬಿತ್ತು. ಇಷ್ಟನ್ನು ಇವನು ಹೆಗಲ ಮೇಲೆ ಹೊತ್ತುಕೊಂಡು ಮನೆಯ ಮೆಟ್ಟಿಲಿಳಿದಿದ್ದ, ಬಸ್ಸು ಹತ್ತಿದ್ದ, ಯಂತ್ರದ ಮೇಲೆ ನೆಟ್ಟಗೆ ನಿಂತಿದ್ದ. ಬೇಗ ನಡಿಯಪ್ಪ, ಬೇಗ ನಡಿ ಎಂದು ಬೆಳಿಗ್ಗೆ ದಾರಿಯುದ್ದಕ್ಕೂ ಅವನ ಜೀವ ತಿಂದಿದ್ದವಳು ನಾನು.

ಕೋಟನ್ನು ನೆಲಕ್ಕೆ ಹಾಕಿ ಎದ್ದೆ.

"ಎಲ್ಲಿಗೆ? ಏ ಗಡಿಬಿಡಿ!" ಅಪ್ಪ ಕೂಗಿದ್ದು ಕೇಳಿಸಿತು. ಲಿಫ್ಟು ಎಲ್ಲೋ ನಿಂತಿತ್ತು, ಕಾಯಲಿಲ್ಲ. ಮೂರು ಮಹಡಿ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದೆ. ದಪ್ಪ ಗಾಜಿನಾಚೆ ಮೂಗುಬಾಯಿ ಮುಚ್ಚಿಕೊಂಡ ಒಬ್ಬ ಔಷಧ ಕಲೆಸುತ್ತಿದ್ದ. ಗಾಜು ಬಡಿದೆ. ಅವನು ಬೆಲ್ಲಿನ ಕಡೆ ಬೆರಳು ತೋರಿಸಿದ. ಬೆಲ್ಲು ಒತ್ತಿದೆ. ಮೈಕಿನಲ್ಲಿ ಬಂದ.

"ಏನಮ್ಮ?"

"ಹನ್ನೊಂದನೇ ಕುರ್ಚಿಯವರ ಔಷಧ ಕಳಿಸಬೇಡಿ. ತೂಕ ತಪ್ಪಾಗಿದೆ."

"ಕಳಿಸಿ ಐದು ನಿಮಿಷ ಆಯ್ತಲ್ಲ. ನಿಲ್ಲಿಸಬೇಕು ಅಂದ್ರೆ ಡಾಕ್ಟ್ರು ಹೇಳಬೇಕು."

ಮತ್ತೆ ಮೆಟ್ಟಿಲು. ಉಸಿರು ಬಾಯಿಗೆ ಬಂದಿತ್ತು. ಡಾಕ್ಟರಮ್ಮನ ಕೋಣೆಯ ಹೊರಗೆ ಕೂತಿದ್ದವರೆಲ್ಲ ಏ ಏ ಅನ್ನುವಷ್ಟರಲ್ಲಿ ಬಾಗಿಲು ನೂಕಿ ಒಳಗೆ ನುಗ್ಗಿದೆ.

"ನಮ್ಮಪ್ಪನ ತೂಕ ಅರವತ್ತಲ್ಲ ಡಾಕ್ಟ್ರೇ, ಐವತ್ತನಾಲ್ಕು. ಕೋಟಲ್ಲಿ ಸೀಸ ಹೊಲ್ಕೊಂಡಿದ್ದಾನೆ. ತಪ್ಪು ನನ್ನದು."

ಅವರು ತಕ್ಷಣ ವಾರ್ಡಿಗೆ ಫೋನು ಮಾಡಿದರು. ನಾವು ವಾರ್ಡು ತಲುಪಿದಾಗ ಕೆಂಪು ಔಷಧದ ಚೀಲ ಅಪ್ಪನ ತಲೆಯ ಮೇಲೆ ತೂಗುತ್ತಿತ್ತು. ನಳಿಕೆ ಇನ್ನೂ ಸೇರಿಸಿರಲಿಲ್ಲ. ನರ್ಸು ಕಿವಿಗೆ ಫೋನು ಹಿಡಿದುಕೊಂಡು, ಚೀಲ ಕೆಳಗಿಳಿಸುತ್ತಾ, ಅಪ್ಪನನ್ನೇ ದಿಟ್ಟಿಸುತ್ತಿದ್ದಳು.

"ಅಜ್ಜ, ನೀವು ಹೀಗೆ ಮಾಡೋದಾ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಕೋಟಿಲ್ಲದೆ, ಚಪ್ಪಲಿಯಿಲ್ಲದೆ ಮತ್ತೊಮ್ಮೆ ತೂಗಿದರು. ಐವತ್ಮೂರು ಕಿಲೋ ಎಂಟುನೂರು ಗ್ರಾಂ. ಡಾಕ್ಟರಮ್ಮನ ಕೋಣೆಗೆ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಔಷಧದ ಲೆಕ್ಕದಲ್ಲಿ ಆರು ಕಿಲೋಗೆ ಆಗೋ ವ್ಯತ್ಯಾಸ ಸಣ್ಣದು" ಅಂದರು. "ನನಗೆ ಭಯ ಅದಲ್ಲ. ತೂಕ ನಿಂತಿದೆ, ದೇಹ ತಡೀತಾ ಇದೆ ಅಂತ ನಂಬಿಕೊಂಡು ಪೂರ್ತಿ ಕೊಡ್ತಾ ಇದ್ದೆ. ಹೀಗೆ ಇಳೀತಿದೆ ಅಂತ ಗೊತ್ತಿದ್ರೆ ಹೋದ ಸಲವೇ ಕಡಿಮೆ ಮಾಡ್ತಿದ್ದೆ. ಇವತ್ತಿನದು ಹೋಗಿದ್ದಿದ್ರೆ ಮುಂದಿನ ಜ್ವರಕ್ಕೆ ಇವರು ಎದ್ದು ಬರ್ತಿದ್ರೋ ಇಲ್ವೋ ಹೇಳೋಕಾಗಲ್ಲ."

"ಈಗೇನು ಮಾಡೋದು ಡಾಕ್ಟ್ರೇ? ಮೂರು ವಾರ ಬಿಟ್ಟು ಮತ್ತೆ ಶುರು ಮಾಡಬಹುದಾ? ಡೋಸು ಕಡಿಮೆ ಮಾಡಿದ್ರೆ ಆರರ ಬದಲು ಏಳು ಕೊಡಬಹುದಾ? ನಾನು ಹಾಳೆ ಬದಲಾಯಿಸ್ತೀನಿ, ಊಟ…"

ಅವರು ಅಂಗೈಯೆತ್ತಿ ನನ್ನನ್ನು ತಡೆದರು. ಅಪ್ಪನ ಕಡೆ ತಿರುಗಿದರು. "ಸರ್, ನಾನು ನಿಮ್ಮನ್ನ ಇದುವರೆಗೂ ಕೇಳೇ ಇಲ್ಲ. ನೀವು ಹೇಳಿ. ಮುಂದುವರಿಸೋಣವಾ? ಕಡಿಮೆ ಡೋಸಲ್ಲಿ ಮಾಡಬಹುದು. ಬೇಡ ಅಂದ್ರೆ ನಿಲ್ಲಿಸಿ, ನೋವಿಲ್ಲದ ಹಾಗೆ ನೋಡ್ಕೊಳ್ಳಬಹುದು. ಎರಡೂ ದಾರಿ ಇದೆ."

ಎರಡನೆಯ ದಾರಿ ಇದೆ ಎಂಬ ಮಾತನ್ನು ಈ ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ನಾನು ಬಾಯಿ ತೆರೆದೆ.

ಅಪ್ಪ ಅಂದ, "ಇವಳನ್ನ ಸ್ವಲ್ಪ ಹೊರಗೆ ಕಳಿಸಿ ಡಾಕ್ಟ್ರೇ. ಇವಳ ಮುಂದೆ ನನಗೆ ನಿಜ ಹೇಳೋಕೆ ಬರಲ್ಲ."

ಕೆನ್ನೆಗೆ ಹೊಡೆದ ಹಾಗಾಯಿತು. ಹೊರಗೆ ಬಂದೆ. ಬಾಗಿಲು ಮುಚ್ಚಿಕೊಂಡಿತು. ಕಾರಿಡಾರು ಹನ್ನೆರಡು ಹೆಜ್ಜೆ ಇದೆ. ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಡಿಪೋದಿಂದ ಫೋನು ಬಂತು, ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಬಾಗಿಲಿಗೆ ಕಿವಿಯಿಟ್ಟರೆ ಅಪ್ಪನ ದನಿ ಗೊಣಗೊಣ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಇಷ್ಟು ಹೊತ್ತು ಮಾತಾಡಲು ಅವನಲ್ಲಿ ಏನಿತ್ತು? ನನ್ನ ಹತ್ತಿರ ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎಂಬುದೊಂದೇ ಮಾತು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ. ಬೇಡ ಅಂತ ಹೇಳಿಬಿಟ್ಟಿದ್ದರೆ? ಒಳಗೆ ಹೋಗಿ ಅವನ ಪರವಾಗಿ ಬೇಕು ಎಂದು ನಾನೇ ಹೇಳಿಬಿಡಬಹುದಿತ್ತು. ಮೂರು ತಿಂಗಳಿಂದ ಅದನ್ನೇ ತಾನೇ ಮಾಡಿದ್ದು. ಹಿಡಿ ತಣ್ಣಗಿತ್ತು. ಕೈ ತೆಗೆದು ಕಂಕುಳಲ್ಲಿಟ್ಟುಕೊಂಡೆ.

ಇಪ್ಪತ್ತು ನಿಮಿಷದ ಮೇಲೆ ಡಾಕ್ಟರಮ್ಮನೇ ಗಾಲಿಕುರ್ಚಿ ತಳ್ಳಿಕೊಂಡು ಬಂದು ಬಿಟ್ಟುಹೋದರು. ಅಪ್ಪನ ಕಣ್ಣು ಕೆಂಪಾಗಿತ್ತು. ಅಪ್ಪ ಅತ್ತದ್ದನ್ನು ನಾನು ಅಮ್ಮ ಹೋದ ದಿನ ನೋಡಿದ್ದು, ಅಷ್ಟೇ. ಏನೂ ಕೇಳಬಾರದು ಎಂದುಕೊಂಡು ಕುರ್ಚಿ ತಳ್ಳಿದೆ. ಲಿಫ್ಟಿನ ಮುಂದೆ ನಿಂತೆವು.

"ಯಾಕೆ, ಕೇಳಲ್ವಾ?" ಅಂದ.

"ಇಲ್ಲ."

"ಸಾಯ್ತಾ ಇದ್ದೀಯ ಕೇಳೋಕೆ."

"ಹೌದು."

ಅಪ್ಪ ಲಿಫ್ಟಿನ ಬಾಗಿಲು ನೋಡಿಕೊಂಡೇ ಹೇಳಿದ. "ತುಂಬಾ ಸುಸ್ತಾಗಿದೆ ಅಂತ ಹೇಳ್ದೆ. ಭಯ ಆಗುತ್ತೆ ಅಂತ ಹೇಳ್ದೆ. ಒಂದು ತಿಂಗಳು ಏನೂ ಬೇಡ ಅಂದೆ. ಆಮೇಲೆ ಇನ್ನೆರಡು ತಗೋತೀನಿ, ಕಡಿಮೆ ಡೋಸಲ್ಲಿ. ಅಲ್ಲಿಗೆ ಸಾಕು."

ಮೂರು ಮತ್ತು ಎರಡು ಐದು. ಆರು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಅಪ್ಪನಿಗೆ ಅದು ಗೊತ್ತಾಗಿರಬೇಕು, ಕತ್ತು ಹೊರಳಿಸಿ ನನ್ನನ್ನು ನೋಡಿದ.

"ಇಲ್ಲಿವರೆಗೂ ಮೂರು ತಗೊಂಡಿದ್ದು ನಿನಗೋಸ್ಕರ ಕಣೇ. ಇನ್ನೆರಡು ನನಗೋಸ್ಕರ. ನನಗೂ ಇನ್ನೊಂದಿಷ್ಟು ದಿನ ಬೇಕು ಅನ್ಸುತ್ತೆ. ಆದ್ರೆ ಒಂದಕ್ಕೇ ಸಾಕಾಯ್ತು ಅನ್ಸಿದ್ರೆ ಒಂದಕ್ಕೇ ನಿಲ್ಲಿಸ್ತೀನಿ. ಆಗ ಏನು ಮಾಡ್ತೀಯ?"

ಲಿಫ್ಟಿನ ಗುಂಡಿ ಒತ್ತಿದೆ.

"ಅಳ್ತೀನಿ" ಅಂದೆ.

"ಅಳು. ಬೇಡ ಅಂದೋರು ಯಾರು? ಆದ್ರೆ ನನ್ನ ತಟ್ಟೆ ನೋಡ್ಕೊಂಡು ಅಳಬೇಡ."

ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿಕೊಂಡಿತು, ಕೆಳಗೆ ಹೋಯಿತು. ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಆ ಕೈಗೆ ಭಾರವೇ ಇರಲಿಲ್ಲ.